ಮೊದಲು ನೇರಳೆ ತಂತಿ: ಹಳೆ ಡೆಸ್ಕ್‌ಟಾಪ್‌ನ ಎಸ್‌ಎಂಪಿಎಸ್ ಪರೀಕ್ಷೆ

ಬಟನ್ ಒತ್ತಿದರೂ ಹಳೆ ಡೆಸ್ಕ್‌ಟಾಪ್ ಆನ್ ಆಗದಿದ್ದರೆ ಬಹಳ ಜನ ನೇರವಾಗಿ ಹೊಸ ಎಸ್‌ಎಂಪಿಎಸ್ (ಯಂತ್ರಕ್ಕೆ ವಿದ್ಯುತ್ ಕೊಡುವ ಡಬ್ಬಿ) ತಂದು ಹಾಕುತ್ತಾರೆ. ದೋಷ ಮದರ್‌ಬೋರ್ಡ್‌ನಲ್ಲಿದ್ದರೆ ಆ ದುಡ್ಡು ದಂಡ. ಒಂದು ಸಾಧಾರಣ ಮಲ್ಟಿಮೀಟರ್ ಸಾಕು, ತಪ್ಪು ಯಾವ ಕಡೆ ಇದೆ ಎಂದು ತಂತಿಗಳೇ ತೋರಿಸುತ್ತವೆ. ಇಲ್ಲಿ ಹೇಳುವುದು ಡೆಸ್ಕ್‌ಟಾಪ್‌ಗಳಲ್ಲಿ ಸಾಮಾನ್ಯವಾದ ಎಟಿಎಕ್ಸ್ ಮಾದರಿಯ ಎಸ್‌ಎಂಪಿಎಸ್‌ಗೆ. ಕೆಲವು ಕಂಪನಿಗಳ ಯಂತ್ರಗಳಲ್ಲಿ ತಂತಿಗಳ ಕ್ರಮವೇ ಬೇರೆ ಇರುತ್ತದೆ, ಲೇಬಲ್ ನೋಡಿಕೊಳ್ಳಿ.

ಗೋಡೆಯ ಸಾಕೆಟ್, ಕೇಬಲ್, ಹಿಂದಿನ ಸ್ವಿಚ್ ಸರಿ ಇವೆಯೇ ನೋಡಿ. 115/230 ಎಂದು ಬರೆದ ಕೆಂಪು ಸ್ವಿಚ್ ಇದ್ದರೆ ನಮ್ಮ ದೇಶದಲ್ಲಿ ಅದು 230ರಲ್ಲೇ ಇರಬೇಕು. ಎಸ್‌ಎಂಪಿಎಸ್ ಡಬ್ಬಿಯನ್ನು ಮಾತ್ರ ಬಿಚ್ಚಬೇಡಿ. ಒಳಗಿನ ದೊಡ್ಡ ಕ್ಯಾಪಾಸಿಟರ್‌ಗಳು ಸುಮಾರು 325 ವೋಲ್ಟ್ ಡಿಸಿ ಹಿಡಿದಿರುತ್ತವೆ, ಪ್ಲಗ್ ಕಿತ್ತ ಮೇಲೂ ಅದು ಕೂಡಲೇ ಇಳಿಯುತ್ತದೆ ಎಂದು ನಂಬುವಂತಿಲ್ಲ.

ಈಗ ಅಳತೆ. ಮೀಟರನ್ನು 20 ವೋಲ್ಟ್ ಡಿಸಿಗೆ ಇಟ್ಟು, ಕಪ್ಪು ಪ್ರೋಬನ್ನು ಯಾವುದಾದರೂ ಕಪ್ಪು ತಂತಿಗೆ ತಾಗಿಸಿ. ಮದರ್‌ಬೋರ್ಡ್‌ಗೆ ಚುಚ್ಚಿದ ದೊಡ್ಡ ಕನೆಕ್ಟರನ್ನು ತೆಗೆಯದೆ, ಅದರ ಬೆನ್ನ ಕಡೆಯಿಂದ ಕೆಂಪು ಪ್ರೋಬನ್ನು ನೇರಳೆ ತಂತಿಯ ತೂತಿಗೆ ತೂರಿಸಿ. ಯಂತ್ರ ಆಫ್ ಇದ್ದರೂ ಪ್ಲಗ್ ಹಾಕಿದ್ದರೆ ಇಲ್ಲಿ 5 ವೋಲ್ಟ್ ಇರಬೇಕು, 4.75ರಿಂದ 5.25ರೊಳಗೆ. ಇದು ಸ್ಟ್ಯಾಂಡ್‌ಬೈ. ಬಟನ್ ಒತ್ತಿದ್ದು ಬೋರ್ಡ್‌ಗೆ ಗೊತ್ತಾಗುವುದೇ ಈ ವೋಲ್ಟೇಜ್‌ನಿಂದ, ಆದ್ದರಿಂದ ಇದಿಲ್ಲದೆ ಮುಂದಿನದು ಯಾವುದೂ ನಡೆಯುವುದಿಲ್ಲ. ಇಲ್ಲಿ ಸೊನ್ನೆ ಬಂದರೆ ಕನೆಕ್ಟರ್‌ಗಳನ್ನೆಲ್ಲ ಕಿತ್ತು ಮತ್ತೆ ಅಳೆಯಿರಿ. ಆಗಲೂ ಸೊನ್ನೆಯಾದರೆ ಎಸ್‌ಎಂಪಿಎಸ್ಸೇ ಹೋಗಿದೆ. ಕಿತ್ತ ಮೇಲೆ 5 ಬಂದರೆ ಬೋರ್ಡ್ ಅದನ್ನು ಎಳೆದು ಕೆಡವುತ್ತಿದೆ ಎಂಬ ಅನುಮಾನ ಬಲವಾಗುತ್ತದೆ.

ಹಳೆ ಯಂತ್ರಗಳಲ್ಲಿ ಪದೇ ಪದೇ ಕಾಣುವ ಒಂದು ಲಕ್ಷಣವಿದೆ: ರಾತ್ರಿಯಿಡೀ ಕರೆಂಟ್ ಇಲ್ಲದಿದ್ದರೆ ಬೆಳಿಗ್ಗೆ ಆನ್ ಆಗುವುದಿಲ್ಲ, ಪ್ಲಗ್ ಹಾಕಿ ಸ್ವಲ್ಪ ಹೊತ್ತು ಬಿಟ್ಟರೆ ಆಗುತ್ತದೆ. ಸ್ಟ್ಯಾಂಡ್‌ಬೈ ಭಾಗದ ಸಣ್ಣ ಕ್ಯಾಪಾಸಿಟರ್ ಒಣಗಿರುವ ಸೂಚನೆ ಇದು. ಯಂತ್ರ ಹೇಗೋ ನಡೆಯುತ್ತಿದೆಯಲ್ಲ ಎಂದು ಬಿಡಬೇಡಿ. ಕೆಲವು ಹಳೆ ವಿನ್ಯಾಸಗಳಲ್ಲಿ ಈ ಕ್ಯಾಪಾಸಿಟರ್ ಪೂರ್ತಿ ಕೆಟ್ಟಾಗ ನೇರಳೆಯ ವೋಲ್ಟೇಜ್ ಏರಿ ಬೋರ್ಡನ್ನೂ ಸುಡುತ್ತದೆ.

ನೇರಳೆ ಸರಿ ಇದ್ದರೆ ಅದೇ ಕನೆಕ್ಟರ್‌ನ ಹಸಿರು ತಂತಿಗೆ ಬನ್ನಿ. ಆಫ್ ಇದ್ದಾಗ ಇಲ್ಲಿ 5ರ ಆಸುಪಾಸು ವೋಲ್ಟ್ ಇರುತ್ತದೆ, ಬಟನ್ ಒತ್ತಿದೊಡನೆ ಬೋರ್ಡ್ ಅದನ್ನು ಸೊನ್ನೆಯ ಹತ್ತಿರಕ್ಕೆ ಇಳಿಸುತ್ತದೆ. ಇಡೀ ಪರೀಕ್ಷೆಯಲ್ಲಿ ನನಗೆ ಬಹಳ ಇಷ್ಟವಾದ ಅಳತೆ ಇದು, ಆನ್ ಆಗು ಎಂದು ಬೋರ್ಡ್ ಎಸ್‌ಎಂಪಿಎಸ್‌ಗೆ ಹೇಳಿತೋ ಇಲ್ಲವೋ ಎಂಬುದು ಇಲ್ಲಿ ಕಣ್ಣಿಗೆ ಕಾಣುತ್ತದೆ. ಹಸಿರು ಇಳಿಯದಿದ್ದರೆ ತಪ್ಪು ಬಟನ್‌ನದೋ ಬೋರ್ಡ್‌ನದೋ. ಬಟನ್ ತಂತಿ ಕಿತ್ತು ಬೋರ್ಡ್‌ನ ಆ ಎರಡು ಪಿನ್‌ಗಳನ್ನು ಸ್ಕ್ರೂಡ್ರೈವರ್‌ನಿಂದ ಕ್ಷಣಮಾತ್ರ ಮುಟ್ಟಿಸಿ ನೋಡಿ. ಹಸಿರು ಇಳಿದರೂ ಫ್ಯಾನ್ ಅಲ್ಲಾಡದಿದ್ದರೆ ಸಂಶಯ ಎಸ್‌ಎಂಪಿಎಸ್ ಮೇಲೆ.

ಫ್ಯಾನ್ ಒಮ್ಮೆ ಮಿಸುಕಿ ನಿಂತರೆ? ಎಲ್ಲೋ ಶಾರ್ಟ್ ಇದ್ದು ರಕ್ಷಣಾ ಸರ್ಕ್ಯೂಟ್ ತಡೆದಿರಬಹುದು. ಪ್ಲಗ್ ಕಿತ್ತು ಸ್ವಲ್ಪ ಕಾದರೆ ಅದು ಮತ್ತೆ ಅವಕಾಶ ಕೊಡುತ್ತದೆ. ಹಾರ್ಡ್ ಡಿಸ್ಕ್, ಗ್ರಾಫಿಕ್ಸ್ ಕಾರ್ಡ್ ಒಂದೊಂದಾಗಿ ಕಳಚುತ್ತಾ ಪ್ರಯತ್ನಿಸಿ, ಪ್ರತಿ ಸಲವೂ ಪ್ಲಗ್ ಕಿತ್ತ ಮೇಲೆಯೇ. ಪ್ರೊಸೆಸರ್ ಬಳಿಯ 4 ಪಿನ್ ಕನೆಕ್ಟರ್ ತೆಗೆದಾಗ ಮಾತ್ರ ಫ್ಯಾನ್ ನಿಲ್ಲದೆ ತಿರುಗಿದರೆ, ಪ್ರೊಸೆಸರ್‌ಗೆ ವಿದ್ಯುತ್ ಕೊಡುವ ಬೋರ್ಡ್ ಮೇಲಿನ ಮಾಸ್‌ಫೆಟ್‌ಗಳನ್ನು (ಸ್ವಿಚ್‌ನಂತೆ ಕೆಲಸ ಮಾಡುವ ಟ್ರಾನ್ಸಿಸ್ಟರ್‌ಗಳು) ಪರೀಕ್ಷಿಸಬೇಕು.

ಯಂತ್ರ ಓಡುವಾಗ ಹಳದಿ 11.4ರಿಂದ 12.6, ಕೆಂಪು 4.75ರಿಂದ 5.25, ಕಿತ್ತಳೆ 3.14ರಿಂದ 3.47 ವೋಲ್ಟ್ ಒಳಗಿರಬೇಕು. ಇವೆಲ್ಲ ಸರಿಯಾದ ಮೇಲೆ ಬೂದು ತಂತಿ 5ಕ್ಕೆ ಏರುತ್ತದೆ, ಆಗಲೇ ಬೋರ್ಡ್ ಪ್ರೊಸೆಸರ್‌ಗೆ ಕೆಲಸ ಶುರುಮಾಡಲು ಬಿಡುವುದು. ಫ್ಯಾನ್ ತಿರುಗಿಯೂ ಪರದೆ ಕಪ್ಪಗಿದ್ದರೆ ಬೂದು ತಂತಿಯನ್ನು ಮರೆಯದೆ ಅಳೆಯಿರಿ.

ಹೊಸದು ಕೊಳ್ಳಲೇಬೇಕಾದರೆ ಒಂದು ಎಚ್ಚರ. ಆ 4 ಪಿನ್ ಕನೆಕ್ಟರ್ ಇಲ್ಲದ ಪೆಂಟಿಯಂ 3 ಕಾಲದ ಬೋರ್ಡ್‌ಗಳಲ್ಲಿ ಪ್ರೊಸೆಸರ್‌ನ ಹೊರೆ ಹೆಚ್ಚಾಗಿ ಬೀಳುವುದು ಕೆಂಪು ತಂತಿಯ 5 ವೋಲ್ಟ್ ಮೇಲೆ. ಈಗಿನ ಎಸ್‌ಎಂಪಿಎಸ್‌ಗಳ ಬಲವೆಲ್ಲ 12 ವೋಲ್ಟ್‌ನಲ್ಲಿದೆ. ಅಂಥ ಬೋರ್ಡ್‌ಗೆ ಕೊಳ್ಳುವಾಗ ವಾಟ್ ಎಷ್ಟು ಎಂದು ಮಾತ್ರ ಕೇಳದೆ, ಹಳೆಯದರ ಮತ್ತು ಹೊಸದರ ಲೇಬಲ್‌ಗಳಲ್ಲಿ 5 ವೋಲ್ಟ್ ಎದುರು ಬರೆದ ಆಂಪಿಯರ್ ಹೋಲಿಸಿ.