ಪಾದ ಉರಿದರೆ ಕೊಬ್ಬಿನ ಮಾತ್ರೆಯೇ ಕಾರಣವೇ?

"ಡಾಕ್ಟ್ರೇ, ಕಾಲು ಉರೀತಿತ್ತು. ಕೊಬ್ಬಿನ ಮಾತ್ರೆ ಬಿಟ್ಟುಬಿಟ್ಟೆ." ರಾಯಚೂರಿನ ನನ್ನ ಕ್ಲಿನಿಕ್ಕಿನಲ್ಲಿ ಈ ಮಾತು ಮೇಲಿಂದ ಮೇಲೆ ಕೇಳುತ್ತೇನೆ. ಕೊಬ್ಬಿನ ಮಾತ್ರೆ ಅಂದರೆ ರಕ್ತದ ಕೊಲೆಸ್ಟ್ರಾಲ್ ಇಳಿಸುವ ಮಾತ್ರೆ. ಪ್ರತಿ ಸಲವೂ ಎದೆ ಧಸಕ್ಕೆನ್ನುತ್ತದೆ. ಹೀಗೆ ಹೇಳುವವರಲ್ಲಿ ಎಷ್ಟೋ ಜನ ಹೃದಯದ ರಕ್ತನಾಳಕ್ಕೆ ಸ್ಟೆಂಟ್ ಹಾಕಿಸಿಕೊಂಡವರು.

ಹೋದ ಮೇ ತಿಂಗಳಲ್ಲಿ ಸಿಂಧನೂರು ಕಡೆಯ ಭತ್ತದ ರೈತರೊಬ್ಬರು ಬಂದಿದ್ದರು. ಹೃದಯಾಘಾತವಾಗಿ ಎರಡು ವರ್ಷ. ಯಾರೋ ಮೊಬೈಲಿಗೆ ಕಳಿಸಿದ ವಿಡಿಯೊ ನೋಡಿ ತಮ್ಮ ಕೊಬ್ಬಿನ ಮಾತ್ರೆ ಅಟೊರ್ವಾಸ್ಟಾಟಿನ್ ನಿಲ್ಲಿಸಿ ನಾಲ್ಕು ತಿಂಗಳಾಗಿತ್ತು. ಪಾದದ ಜೋಮು ಮಾತ್ರ ಹಾಗೇ ಇತ್ತು. "ನಾಲ್ಕು ತಿಂಗಳಾದರೂ ಹೋಗಿಲ್ಲ, ಆದರೂ ಮಾತ್ರೆಯದೇ ತಪ್ಪಾ?" ಎಂದೆ. ದನಿ ಸ್ವಲ್ಪ ಏರಿತ್ತು, ಒಪ್ಪಿಕೊಳ್ಳುತ್ತೇನೆ. ಖಾಲಿ ಹೊಟ್ಟೆಯ ಶುಗರ್ 260 ಇತ್ತು, ತೀರಾ ಹೆಚ್ಚು.

ಚಪ್ಪಲಿ ಬಿಚ್ಚಿಸಿದೆ. ಎರಡೂ ಅಂಗಾಲಲ್ಲಿ ದೊಡ್ಡ ಬೊಬ್ಬೆಗಳು. ಹಿಂದಿನ ದಿನ ಮಟಮಟ ಮಧ್ಯಾಹ್ನ ಗುಡಿಯ ಕಲ್ಲುಹಾಸಿನ ಮೇಲೆ ಬರಿಗಾಲಲ್ಲಿ ಐದು ಸುತ್ತು ಹಾಕಿದ್ದರಂತೆ. ನಮ್ಮ ಬಿಸಿಲು ನಿಮಗೆ ಗೊತ್ತೇ ಇದೆ. ಅವರಿಗೆ ಸುಟ್ಟದ್ದೇ ತಿಳಿದಿರಲಿಲ್ಲ. ಬೊಬ್ಬೆಯ ನೀರಿಗೆ ಹಾಸಿಗೆ ಒದ್ದೆಯಾದದ್ದು ನೋಡಿ ಹೆಂಡತಿ ಕರೆತಂದಿದ್ದರು.

ಈ ಮಾತ್ರೆಗಳ ಮೇಲಿನ ಅನುಮಾನ ಸುಮ್ನೆ ಹುಟ್ಟಿದ್ದಲ್ಲ. ನರದ ಹೊದಿಕೆಯಲ್ಲೂ ಕೊಲೆಸ್ಟ್ರಾಲ್ ಇರುತ್ತದೆ, ಮಾತ್ರೆ ಅದಕ್ಕೂ ಕೈ ಹಾಕೀತೇ ಎಂಬ ಅನುಮಾನ ಸಹಜ. 2002ರಲ್ಲಿ ಡೆನ್ಮಾರ್ಕಿನ ಒಂದು ಅಧ್ಯಯನ ಸ್ಟಾಟಿನ್ ಎಂಬ ಈ ಗುಂಪಿನ ಮಾತ್ರೆಗೂ ನರದ ತೊಂದರೆಗೂ ನಂಟು ಕಂಡಿತು. ಆ ಸುದ್ದಿ ಇಂದಿಗೂ ಓಡಾಡುತ್ತಿದೆ. ಅದೇ ದೇಶದಲ್ಲಿ 1999ರಿಂದ 2013ರವರೆಗಿನ ರೋಗಿಗಳ ಮೇಲೆ ಮತ್ತೊಂದು ಅಧ್ಯಯನ ನಡೆದು, 2017ರಲ್ಲಿ ಪ್ರಕಟವಾಯಿತು. ಅದರಲ್ಲಿ ಅಂಥ ನಂಟು ಸಿಗಲಿಲ್ಲ. ಇದನ್ನು ಯಾರೂ ಫಾರ್ವರ್ಡ್ ಮಾಡುವುದಿಲ್ಲ. ಅಪರೂಪಕ್ಕೆ ಒಬ್ಬಿಬ್ಬರಿಗೆ ಮಾತ್ರೆಯಿಂದಲೇ ತೊಂದರೆ ಆಗಲಾರದು ಎಂದು ನಾನು ಆಣೆ ಮಾಡುವುದಿಲ್ಲ. ಆದರೆ ಮಾತ್ರೆಯ ಹೆಸರು ಹೇಳುವ ಮೊದಲು ನೋಡಬೇಕಾದದ್ದು ಬೇರೆ ಇದೆ.

ಮೊದಲನೆಯದು ಸಕ್ಕರೆ. ಕೊಬ್ಬಿನ ಮಾತ್ರೆ ನುಂಗುವವರಲ್ಲಿ ಬಹಳ ಜನಕ್ಕೆ ಸಕ್ಕರೆ ಕಾಯಿಲೆಯೂ ಇರುತ್ತದೆ. ನರ ಸವೆಸುವುದು ಹೆಚ್ಚಾಗಿ ಅದೇ. ಶುರುವಾಗುವುದು ಕಾಲ್ಬೆರಳಿಂದ, ಎರಡೂ ಕಡೆ. ಉರಿ, ಜೋಮು, ಇರುವೆ ಹರಿದ ಹಾಗೆ. ರಾತ್ರಿ ಜಾಸ್ತಿ. ಆಮೇಲೆ ಕಾಲುಚೀಲ ಹಾಕಿದಂತೆ ಮೇಲಕ್ಕೆ ಏರುತ್ತದೆ. ಕೊನೆಗೆ ಉರಿಯೂ ಹೋಗಿ ಪಾದ ಮರಗಟ್ಟುತ್ತದೆ. ಆಗ ಜನ "ವಾಸಿಯಾಯ್ತು" ಅಂದುಕೊಳ್ಳುತ್ತಾರೆ. ನನಗೆ ಹೆಚ್ಚು ಭಯ ಆ ಹಂತದ್ದೇ.

ಎರಡನೆಯದು ನರಕ್ಕೆ ಬೇಕಾದ ವಿಟಮಿನ್ ಬಿ12. ಸಕ್ಕರೆಗೆ ಕೊಡುವ ಮೆಟ್‌ಫಾರ್ಮಿನ್ ವರ್ಷಗಟ್ಟಲೆ ತೆಗೆದುಕೊಂಡರೆ ಬಿ12 ಇಳಿಯಬಹುದು. ಜೋಳದ ರೊಟ್ಟಿ, ಪುಂಡಿಪಲ್ಲೆ ಒಳ್ಳೆಯ ಊಟವೇ, ಆದರೆ ಅದರಲ್ಲಿ ಬಿ12 ಇಲ್ಲ. ಹಾಲು, ಮೊಸರು, ಮೊಟ್ಟೆಯೂ ಕಡಿಮೆ ಇದ್ದರೆ ಕೊರತೆ ಬೇಗ ಬರುತ್ತದೆ. ಒಂದು ರಕ್ತ ಪರೀಕ್ಷೆಯಲ್ಲಿ ತಿಳಿಯುತ್ತದೆ. ಕುಡಿತ ಇದ್ದರೆ ಮುಚ್ಚಿಡದೆ ಹೇಳಿ. ಚರ್ಮದ ಮೇಲೆ ಸ್ಪರ್ಶ ತಿಳಿಯದ ಮಚ್ಚೆ ಇದ್ದರೆ ತೋರಿಸಿ, ಅದು ಕುಷ್ಠವೂ ಇರಬಹುದು. ಅದಕ್ಕೆ ಔಷಧಿ ಉಚಿತ, ಗುಣವೂ ಆಗುತ್ತದೆ.

ಸ್ಟಾಟಿನ್‌ನಿಂದ ತೊಂದರೆ ಬಂದರೆ ಸಾಮಾನ್ಯವಾಗಿ ಅದು ಸ್ನಾಯುವಿನದು. ತೊಡೆ, ಮೀನಖಂಡ, ಭುಜ ನೋಯುತ್ತವೆ, ಶಕ್ತಿ ಇಲ್ಲ ಅನಿಸುತ್ತದೆ. ಪಾದದ ಉರಿ ಬೇರೆ, ತೊಡೆಯ ನೋವು ಬೇರೆ. ತೊಡೆಯ ನೋವಿದ್ದರೂ ಮೊದಲು ಬಂದು ಹೇಳಿ. ಡೋಸ್ ಇಳಿಸಬಹುದು, ಮಾತ್ರೆ ಬದಲಿಸಬಹುದು. ತೀವ್ರ ನೋವಿನ ಜೊತೆ ಮೂತ್ರ ಡಿಕಾಕ್ಷನ್ ಬಣ್ಣಕ್ಕೆ ತಿರುಗಿದರೆ ಮಾತ್ರ ಕಾಯಬೇಡಿ. ಮಾತ್ರೆ ನಿಲ್ಲಿಸಿ ಅದೇ ದಿನ ಆಸ್ಪತ್ರೆಗೆ ಬನ್ನಿ.

ಮಾತ್ರೆ ಬಿಟ್ಟಾಗ ದೇಹ ಏನೂ ಹೇಳುವುದಿಲ್ಲ, ತೊಡಕು ಇರುವುದೇ ಇಲ್ಲಿ. ತಲೆ ಸುತ್ತುವುದಿಲ್ಲ, ಎದೆ ನೋಯುವುದಿಲ್ಲ. "ಬಿಟ್ಟು ಆರಾಮಿದ್ದೀನಿ" ಅನ್ನುತ್ತಾರೆ. ರಕ್ತನಾಳದೊಳಗೆ ಕೊಬ್ಬು ಕೂರುವುದು ಯಾರ ಅರಿವಿಗೂ ಬರುವುದಿಲ್ಲ ಅಲ್ವಾ?

ಆ ರೈತರ ಬಿ12 ಕೂಡ ಕಡಿಮೆ ಇತ್ತು. ಇಂಜೆಕ್ಷನ್ ಕೊಟ್ಟೆವು, ಸಕ್ಕರೆ ಹತೋಟಿಗೆ ತಂದೆವು, ಅಟೊರ್ವಾಸ್ಟಾಟಿನ್ ಮತ್ತೆ ಶುರು ಮಾಡಿದೆವು. ಗಾಯ ಮಾಯಲು ಎರಡು ತಿಂಗಳು ಹಿಡಿಯಿತು. ಉರಿ ಅರ್ಧಕ್ಕೆ ಇಳಿದಿದೆ. ಅಂಗಾಲಿನ ಸ್ಪರ್ಶ ಪೂರ್ತಿ ಮರಳಿಲ್ಲ, ಮರಳುತ್ತದೆ ಎಂದು ನಾನು ಮಾತು ಕೊಟ್ಟಿಲ್ಲ. ಗುಡಿಗೆ ಈಗ ಬೆಳಗ್ಗೆ ಆರಕ್ಕೇ ಹೋಗುತ್ತಾರೆ, ಕಲ್ಲು ತಣ್ಣಗಿರುವಾಗ. ಮನೆಗೆ ಬಂದ ಮೇಲೆ ಹೆಂಡತಿ ಎರಡೂ ಅಂಗಾಲು ನೋಡುತ್ತಾರೆ.