ಹಳೆಯ ಹಾಯಿದೋಣಿಯ ಡೆಕ್ ನೀರು ಕುಡಿದಾಗ

ಫೈಬರ್‌ಗ್ಲಾಸ್ ಮರದ ಹಾಗೆ ಕೊಳೆಯುವುದಿಲ್ಲ. ಹಾಗಾದರೆ ಹಳೆಯ ದೋಣಿಯ ಡೆಕ್ ಮೇಲೆ ಕಾಲಿಟ್ಟರೆ ಮೆತ್ತಗೆ ಕುಸಿಯುವುದು ಯಾಕೆ? ಹೆಚ್ಚಿನ ಹಳೆಯ ಡೆಕ್‌ಗಳು ಸ್ಯಾಂಡ್‌ವಿಚ್ ಥರ ಇರುತ್ತವೆ. ಮೇಲೊಂದು, ಕೆಳಗೊಂದು ಫೈಬರ್‌ಗ್ಲಾಸ್ ಪದರ, ನಡುವೆ ಬಾಲ್ಸಾ ಮರ ಅಥವಾ ಪ್ಲೈವುಡ್. ಈ ನಡುವಿನದ್ದೇ ಕೋರ್. ಕೊಳೆಯುವುದು ಅದು.

ನೀರು ಒಳಗೆ ಹೋಗುವುದು ಬೋಲ್ಟ್ ತೂತುಗಳಿಂದ. ಕ್ಲೀಟ್ (ಹಗ್ಗ ಕಟ್ಟುವ ಕೊಂಬು), ಚೈನ್‌ಪ್ಲೇಟ್ (ಹಾಯಿಕಂಬದ ತಂತಿಗಳನ್ನು ಬಿಗಿಯುವ ಲೋಹದ ಪಟ್ಟಿ), ಕೈಹಿಡಿಗಳ ಬುಡದಲ್ಲಿ ನೀರು ತಡೆಯುವ ಸೀಲಂಟ್ ವಯಸ್ಸಾಗಿ ಬಿಟ್ಟುಕೊಳ್ಳುತ್ತದೆ. ಬಾಲ್ಸಾದ ಎಳೆಗಳು ನೆಟ್ಟಗೆ ನಿಂತಿರುವುದರಿಂದ ಮರದೊಳಗೆ ನೀರು ಅಡ್ಡಕ್ಕೆ ನಿಧಾನವಾಗಿ ಹರಡುತ್ತದೆ. ಆದರೆ ಕೋರ್ ಇರುವುದು ಸಣ್ಣ ಸಣ್ಣ ಬಿಲ್ಲೆಗಳಾಗಿ. ಅವುಗಳ ನಡುವಿನ ಸಂದಿಯಲ್ಲಿ ನೀರು ಸಲೀಸಾಗಿ ಓಡುತ್ತದೆ. ಅದಕ್ಕೇ ಮೆತ್ತಗಾದ ಜಾಗ ಒಂದು ಕಡೆ, ಸೋರುವ ತೂತು ಇನ್ನೊಂದು ಕಡೆ.

ಪ್ಲಾಸ್ಟಿಕ್ ಸುತ್ತಿಗೆಯಿಂದ ತಟ್ಟುತ್ತಾ ಹೋಗಿ. ಒಳ್ಳೆಯ ಜಾಗ ಟಣ್ ಎನ್ನುತ್ತದೆ, ಕೆಟ್ಟ ಜಾಗ ದಬ್ ಎನ್ನುತ್ತದೆ. ಅನುಮಾನ ಇದ್ದಲ್ಲಿ ಕ್ಯಾಬಿನ್ ಒಳಗಿಂದ ಸಣ್ಣ ತೂತು ಕೊರೆದು ಪುಡಿ ನೋಡಿ. ಡ್ರಿಲ್ ಮೇಲಿನ ಪದರ ದಾಟದಂತೆ ಬಿಟ್‌ಗೆ ಟೇಪ್ ಸುತ್ತಿ ಅಳತೆ ಗುರುತಿಸಿಕೊಳ್ಳಿ. ತಿಳಿ ಬಣ್ಣದ ಒಣಪುಡಿ ಬಂದರೆ ಕೋರ್ ಚೆನ್ನಾಗಿದೆ. ಕಂದು ಬಣ್ಣದ ಒದ್ದೆ ಪುಡಿ ಬಂದರೆ ಅಲ್ಲಿ ಹೋಗಿದೆ.

ಇಲ್ಲೊಂದು ಆಸೆ ಹುಟ್ಟುತ್ತದೆ: ಸುಮ್ನೆ ಹತ್ತಾರು ತೂತು ಕೊರೆದು ಎಪಾಕ್ಸಿ (ಎರಡು ದ್ರವ ಬೆರೆಸಿದಾಗ ಗಟ್ಟಿಯಾಗುವ ಅಂಟು) ತುಂಬಿಬಿಟ್ಟರೆ ಸಾಕಲ್ವಾ? ಸಾಲದು. ಒದ್ದೆ ಮರಕ್ಕೆ ಎಪಾಕ್ಸಿ ಸರಿಯಾಗಿ ಹಿಡಿಯುವುದಿಲ್ಲ. ತೂತಿನ ಸುತ್ತ ಗಟ್ಟಿ ಗುಬಟುಗಳಾಗುತ್ತವೆ, ಅವುಗಳ ನಡುವೆ ನೀರು ಹಾಗೇ ಉಳಿಯುತ್ತದೆ.

ಸರಿಯಾದ ದಾರಿ ಮೇಲಿನ ಪದರವನ್ನು ತೆರೆಯುವುದು. ಗರಗಸದ ಆಳವನ್ನು ಆ ಪದರದ ದಪ್ಪಕ್ಕೆ ಮಾತ್ರ ಇಟ್ಟು ಕತ್ತರಿಸಿ, ಆ ತುಂಡನ್ನು ಜೋಪಾನವಾಗಿ ಎತ್ತಿಡಿ, ಮತ್ತೆ ಬೇಕು. ಕೊಳೆತ ಕೋರ್ ಕೆರೆದು ತೆಗೆಯಿರಿ, ಅಂಚಿನಲ್ಲಿ ಒಣ, ಗಟ್ಟಿ ಮರ ಸಿಗುವವರೆಗೆ. ಆಮೇಲೆ ಒಣಗಲು ಬಿಡಿ. ಇಲ್ಲಿ ಆತುರಪಟ್ಟರೆ ಮಾಡಿದ್ದೆಲ್ಲ ವ್ಯರ್ಥ. ಗಾಜಿನ ದೂಳು ಶ್ವಾಸಕೋಶಕ್ಕೆ ಕೆಟ್ಟದ್ದು, ಮಾಸ್ಕ್ ಮತ್ತು ಕೈಗವಸು ಬಿಡಬೇಡಿ.

ಹೊಸ ಬಾಲ್ಸಾಕ್ಕೆ ಮೊದಲು ತೆಳು ಎಪಾಕ್ಸಿ ಕುಡಿಸಿ. ನಂತರ ಸಿಲಿಕಾ ಪುಡಿ ಬೆರೆಸಿ ಮಂದ ಮಾಡಿದ ಎಪಾಕ್ಸಿಯಲ್ಲಿ ಕೂರಿಸಿ, ಎತ್ತಿಟ್ಟ ಪದರವನ್ನು ಅದೇ ಎಪಾಕ್ಸಿಯಿಂದ ಮೇಲೆ ಅಂಟಿಸಿ, ಗಟ್ಟಿಯಾಗುವವರೆಗೆ ಭಾರ ಹೇರಿ. ಕತ್ತರಿಸಿದ ಗೆರೆಯ ಎರಡೂ ಬದಿ ಇಳಿಜಾರಾಗಿ ಉಜ್ಜಿ ಹೊಸ ಗಾಜಿನ ಬಟ್ಟೆ ಹಾಕಬೇಕು. ರೂಢಿಯ ಲೆಕ್ಕ 12ಕ್ಕೆ 1. ಪದರ 3 ಮಿ.ಮೀ. ಇದ್ದರೆ ಪ್ರತಿ ಬದಿಗೆ 36 ಮಿ.ಮೀ. ಇಳಿಜಾರು. ಜಾಸ್ತಿ ಅನಿಸಬಹುದು, ಆದರೆ ಬಲ ದಾಟಿ ಹೋಗುವುದು ಆ ಅಗಲದಲ್ಲೇ.

ಕೊನೆಗೆ ಬೋಲ್ಟ್ ತೂತುಗಳು. ಪ್ರತಿಯೊಂದನ್ನೂ ಬೋಲ್ಟ್‌ಗಿಂತ ದೊಡ್ಡದಾಗಿ ಕೊರೆದು, ಮಂದ ಎಪಾಕ್ಸಿ ತುಂಬಿ, ಗಟ್ಟಿಯಾದ ಮೇಲೆ ಅದರ ನಡುವೆ ಸರಿ ಅಳತೆಗೆ ಮತ್ತೆ ಕೊರೆಯಿರಿ. ಮುಂದೆ ಸೀಲಂಟ್ ಸೋತರೂ ನೀರಿಗೆ ಸಿಗುವುದು ಎಪಾಕ್ಸಿ ಗೋಡೆ, ಮರವಲ್ಲ. ಬ್ಯುಟೈಲ್ ಟೇಪ್ (ಮೆತ್ತಗಿನ ಅಂಟು ರಬ್ಬರ್ ಪಟ್ಟಿ) ಹಾಕಿ ಬಿಗಿಯುವಾಗ ಬೋಲ್ಟ್ ಅಲ್ಲಾಡದಂತೆ ಮೇಲಿಂದ ಹಿಡಿದು, ಕೆಳಗಿನ ನಟ್ ಮಾತ್ರ ತಿರುಗಿಸಿ.