ಕಟ್ಟಡಕ್ಕೆ ದಾನಿ ಸಿಗುತ್ತಾರೆ, ತಿಂಗಳ ಸಂಬಳಕ್ಕೆ?

ಕರಾವಳಿಯಲ್ಲಿ ದಾನಿಗಳಿಗೆ ಎಂದೂ ಬರ ಬಂದದ್ದಿಲ್ಲ. ಮುಂಬೈಯಲ್ಲಿ ಹೋಟೆಲು ಇಟ್ಟವರು, ಗಲ್ಫಿನಲ್ಲಿ ದುಡಿದವರು, ಚರ್ಚು, ದೇವಸ್ಥಾನ, ಜಮಾತು, ಬ್ಯಾಂಕು, ರೋಟರಿ, ಲಯನ್ಸ್ ಹೀಗೆ ಮಂಗಳೂರು, ಉಡುಪಿಯ ಯಾವ ಹಳೆಯ ಶಾಲೆ, ಆಸ್ಪತ್ರೆಗೆ ಹೋದರೂ ಗೋಡೆಯಲ್ಲಿ ಹೆಸರು ಕೆತ್ತಿದ ಒಂದಾದರೂ ಕಲ್ಲು ಇದ್ದೇ ಇರುತ್ತದೆ. ತಾಪತ್ರಯ ಶುರುವಾಗುವುದು ಉದ್ಘಾಟನೆಯ ಮರುದಿನದಿಂದ. ಹೆರಿಗೆ, ಬಾಣಂತನ, ಚುಚ್ಚುಮದ್ದು, ಮಗುವಿನ ಹಸಿವು, ಹುಡುಗಿಯ ಓದು ಇವು ಯಾವುವೂ ಒಂದು ದಿನದಲ್ಲಿ ಮುಗಿಯುವ ಕೆಲಸಗಳಲ್ಲ. ನಾಳೆಯೂ ನರ್ಸು ಬರಬೇಕು, ನಾಡಿದ್ದೂ ಟೀಚರ್ ಬರಬೇಕು. ಆ ದಿನದಿನದ ಖರ್ಚನ್ನು ಯಾರು ಹೊತ್ತರು, ಯಾವಾಗ ಕೈಬಿಟ್ಟರು ಎಂದು ಹುಡುಕುತ್ತ ಹೋದರೆ ಈ ಎರಡು ಜಿಲ್ಲೆಗಳ ಸೇವಾಕಾರ್ಯದ ಚರಿತ್ರೆ ಬೇರೆಯೇ ರೀತಿಯಲ್ಲಿ ಕಾಣಿಸುತ್ತದೆ.

ಅದನ್ನು ಮೊದಲು ಅರ್ಥಮಾಡಿಕೊಂಡವರು ಕುದ್ಮುಲ್ ರಂಗರಾಯರು. 1859ರಲ್ಲಿ ಕಾಸರಗೋಡಿನಲ್ಲಿ ಹುಟ್ಟಿ, ಮಂಗಳೂರಿನಲ್ಲಿ ವಕೀಲರಾಗಿದ್ದ ಸಾರಸ್ವತ ಬ್ರಾಹ್ಮಣ ಇವರು. 1892ರಲ್ಲಿ ಉರ್ವ ಚಿಲಿಂಬಿಯಲ್ಲಿ ದಲಿತ ಮಕ್ಕಳಿಗಾಗಿ ಶಾಲೆ ತೆರೆದರು, 1897ರಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಸ್ಥಾಪಿಸಿದರು. ಸ್ವಂತ ಜಾತಿಯವರು ಬಹಿಷ್ಕಾರ ಹಾಕಿದರು. ಮೇಲ್ಜಾತಿಯ ಮೇಷ್ಟ್ರುಗಳು ಆ ಮಕ್ಕಳಿಗೆ ಪಾಠ ಹೇಳಲು ಒಪ್ಪದಿದ್ದಾಗ ಕ್ರೈಸ್ತ ಶಿಕ್ಷಕರನ್ನು ಕರೆತಂದರು. ಇಷ್ಟನ್ನು ನಮ್ಮಲ್ಲಿ ಎಲ್ಲರೂ ಹೇಳುತ್ತಾರೆ. ನನಗೆ ಇದಕ್ಕಿಂತ ದೊಡ್ಡದಾಗಿ ಕಾಣುವುದು ಅವರು ಮಕ್ಕಳಿಗೆ ದಿನಕ್ಕೆ ಎರಡು ಪೈಸೆ ಕೊಡುತ್ತಿದ್ದದ್ದು.

ಆ ಎರಡು ಪೈಸೆಯನ್ನು ಭಿಕ್ಷೆ ಎಂದು ತಿಳಿದರೆ ರಂಗರಾಯರು ನಮಗೆ ಅರ್ಥವಾಗಲಿಲ್ಲ ಎಂದೇ ಲೆಕ್ಕ. ಶಾಲೆಗೆ ಬಂದ ಹುಡುಗ ಅಂದು ಧನಿಗಳ ಮನೆಯ ದನ ಮೇಯಿಸಲಾರ, ಸೊಪ್ಪು ತರಲಾರ. ಮನೆಗೆ ಅಷ್ಟು ಗಂಜಿ ಕಡಿಮೆಯಾಗುತ್ತದೆ. ಹುಡುಗಿ ಬಂದರೆ ಎಳೆ ಮಗುವನ್ನು ನೋಡಿಕೊಳ್ಳುವವರಿಲ್ಲದೆ ತಾಯಿಯೇ ಕೂಲಿ ಬಿಡಬೇಕು. ಫೀಸು ಬೇಡ ಎಂದ ಮಾತ್ರಕ್ಕೆ ಓದು ಪುಕ್ಕಟೆಯಾಗುವುದಿಲ್ಲ. ಬಡವರ ಮನೆಯಲ್ಲಿ ಮಗು ಶಾಲೆಗೆ ಹೋಗುವುದೇ ಒಂದು ಖರ್ಚು. ರಂಗರಾಯರು ಆ ಖರ್ಚನ್ನು ತಮ್ಮ ಲೆಕ್ಕಕ್ಕೆ ಬರೆದುಕೊಂಡರು. ಮುಂದೆ ಮಧ್ಯಾಹ್ನದ ಊಟ, ಹಾಸ್ಟೆಲು, ನೇಯ್ಗೆ ತರಬೇತಿ, ಮನೆ ನಿವೇಶನ ಎಲ್ಲ ಬಂದವು. ತನ್ನ ಶಾಲೆಯಲ್ಲಿ ಕಲಿತ ಮಕ್ಕಳು ದೊಡ್ಡ ಕೆಲಸ ಹಿಡಿದು ಕಾರಿನಲ್ಲಿ ಓಡಾಡಬೇಕು, ಆ ಕಾರು ಎಬ್ಬಿಸಿದ ಧೂಳು ತನ್ನ ತಲೆಗೆ ತಾಗಬೇಕು ಎಂಬುದು ಅವರ ಆಸೆಯಾಗಿತ್ತು. 1928ರಲ್ಲಿ ತೀರಿಕೊಂಡರು. ಮಗಳು ರಾಧಾಬಾಯಿ ಸುಬ್ಬರಾಯನ್ ಲಂಡನ್ನಿನ ದುಂಡುಮೇಜಿನ ಪರಿಷತ್ತಿಗೆ ಹೋದರು, 1938ರಲ್ಲಿ ದಿಲ್ಲಿಯ ಕೌನ್ಸಿಲ್ ಆಫ್ ಸ್ಟೇಟ್‌ನ (ಆಗಿನ ಕೇಂದ್ರ ಶಾಸನಸಭೆಯ ಮೇಲ್ಮನೆ) ಮೊದಲ ಮಹಿಳಾ ಸದಸ್ಯೆಯಾದರು.

ಮಿಷನರಿಗಳ ದಾರಿ ಬೇರೆ. ಬಾಸೆಲ್ ಮಿಷನ್ 1834ರಲ್ಲೇ ಮಂಗಳೂರಿಗೆ ಬಂದು ಶಾಲೆ, ಅಚ್ಚುಕೂಟ, ಆಮೇಲೆ ಹೆಂಚಿನ ಕಾರ್ಖಾನೆ ನಡೆಸಿತು. 1870ರಲ್ಲಿ ಅಪೋಸ್ತಲಿಕ್ ಕಾರ್ಮೆಲ್ ಸಭೆಯ ಭಗಿನಿಯರು ಬಂದು ಹೆಣ್ಣುಮಕ್ಕಳ ಓದಿಗೆ ಕೈಹಾಕಿದರು. ಅದೇ ಸಭೆ 1921ರಲ್ಲಿ ಸೇಂಟ್ ಆಗ್ನೆಸ್ ಕಾಲೇಜು ತೆರೆದ ಮೇಲೆ ಡಿಗ್ರಿಗಾಗಿ ಹುಡುಗಿಯರು ಮದ್ರಾಸಿಗೆ ಹೋಗಬೇಕಾದ ಸ್ಥಿತಿ ತಪ್ಪಿತು. ಜರ್ಮನಿಯಿಂದ ಬಂದ ಜೆಸ್ಯುಟ್ ಪಾದ್ರಿ ಅಗಸ್ಟಸ್ ಮುಲ್ಲರ್ 1880ರಲ್ಲಿ ಕಂಕನಾಡಿಯಲ್ಲಿ ಹೋಮಿಯೋಪಥಿ ಔಷಧಿ ಕೊಡಲು ತೊಡಗಿದರು, 1890ರಲ್ಲಿ ಕುಷ್ಠರೋಗಿಗಳಿಗೆ ಆಶ್ರಯ ಕಟ್ಟಿದರು. ಈ ಆಸ್ಪತ್ರೆಗಳೂ ಶಾಲೆಗಳೂ ಅಷ್ಟು ಕಡಿಮೆ ಖರ್ಚಿನಲ್ಲಿ ಹೇಗೆ ನಡೆದವು ಎಂದು ಕೇಳಬೇಕು. ಹಗಲು ರಾತ್ರಿ ದುಡಿದ ಸಿಸ್ಟರುಗಳಿಗೆ ಕೈಗೆ ಸಂಬಳ ಎಂಬುದು ಇರಲಿಲ್ಲ. ದಾನದ ಲೆಕ್ಕ ಬರೆಯುವಾಗ ಸಕ್ಕರೆ ಮೂಟೆ, ಸಿಮೆಂಟು, ಜಾಗ ಎಲ್ಲ ಸೇರುತ್ತದೆ. ನೂರು ವರ್ಷ ಆ ಹೆಂಗಸರು ಕೊಟ್ಟ ದುಡಿಮೆ ಯಾವ ಕಲ್ಲಿನ ಮೇಲೂ ಇಲ್ಲ.

ಉಡುಪಿಯ ಮಿಶನ್ ಆಸ್ಪತ್ರೆಯನ್ನು ಕಟ್ಟಿದ್ದೂ ಒಬ್ಬ ಹೆಣ್ಣುಮಗಳು. ಸ್ವಿಟ್ಜರ್ಲೆಂಡಿನ ಡಾ. ಇವಾ ಲೊಂಬಾರ್ಡ್ 1923ರಲ್ಲಿ ಹೆಂಗಸರು ಮಕ್ಕಳಿಗೆಂದು ಶುರುಮಾಡಿದ ಚಿಕಿತ್ಸಾಲಯ ಇಂದು ಲೊಂಬಾರ್ಡ್ ಸ್ಮಾರಕ ಆಸ್ಪತ್ರೆ. ಗಂಡಸು ಡಾಕ್ಟರರ ಎದುರು ಸೆರಗು ಸರಿಸಲು ಒಪ್ಪದೆ ಮನೆಯ ಕತ್ತಲ ಕೋಣೆಯಲ್ಲೇ ಪ್ರಾಣ ಬಿಡುತ್ತಿದ್ದ ಬಾಣಂತಿಯರ ಕಾಲ ಅದು. ಲೇಡಿ ಡಾಕ್ಟರ್ ಇದ್ದಾರೆ ಎಂಬ ಒಂದೇ ಸುದ್ದಿ ಆಗ ಅರ್ಧ ಚಿಕಿತ್ಸೆಯಾಗಿತ್ತು.

ಇಷ್ಟರಲ್ಲಿ ಊರಿನ ಹೆಂಗಸರೂ ಸುಮ್ಮನೆ ಕುಳಿತಿರಲಿಲ್ಲ. ಕಾರ್ನಾಡು ಸದಾಶಿವ ರಾಯರು, ಅವರ ಪತ್ನಿ ಶಾಂತಾಬಾಯಿ ಸೇರಿ 1911ರಲ್ಲಿ ಮಂಗಳೂರಿನಲ್ಲಿ ಮಹಿಳಾ ಸಭೆ ಆರಂಭಿಸಿದರು. ವಿಧವೆಯರಿಗೆ ಅಕ್ಷರ, ಕೈಕಸುಬು ಕಲಿಸುವ ಉದ್ದೇಶ ಅದರದ್ದು. ಮಂಗಳೂರಿನಲ್ಲೇ ಹುಟ್ಟಿ, ಎಳೆಯ ವಯಸ್ಸಿನಲ್ಲೇ ವಿಧವೆಯಾದ ಕಮಲಾದೇವಿ ಚಟ್ಟೋಪಾಧ್ಯಾಯ 1926ರಲ್ಲಿ ಮದ್ರಾಸ್ ಶಾಸನಸಭೆಯ ಚುನಾವಣೆಗೆ ನಿಂತರು. ಸೋತರು, ಆದರೆ ಇಲ್ಲಿಯ ಹೆಣ್ಣುಮಕ್ಕಳ ಪ್ರಶ್ನೆ ಅಂದಿನಿಂದ ಬರೇ ಕರುಣೆಯ ವಿಷಯವಾಗಿ ಉಳಿಯಲಿಲ್ಲ.

ಸ್ವಾತಂತ್ರ್ಯದ ನಂತರ ಮಣಿಪಾಲದಲ್ಲಿ 1953ರಲ್ಲಿ ಡಾ. ಟಿ.ಎಂ.ಎ. ಪೈಯವರು ಕಸ್ತೂರ್ಬಾ ಮೆಡಿಕಲ್ ಕಾಲೇಜು ತೆರೆದರು. ಅದರ ಕಡೆಯಿಂದ ಸುತ್ತಲಿನ ಹಳ್ಳಿಗಳಲ್ಲಿ ಗ್ರಾಮೀಣ ತಾಯಿ-ಮಕ್ಕಳ ಕೇಂದ್ರಗಳು ಬಂದವು. ಮಂಗಳೂರಿನಲ್ಲಿ ವೆನ್ಲಾಕ್ ಮತ್ತು ಲೇಡಿಗೋಷನ್ ಎಂಬ ಸರಕಾರಿ ಆಸ್ಪತ್ರೆಗಳು ಆ ಕಾಲೇಜಿನ ವಿದ್ಯಾರ್ಥಿಗಳಿಗೆ ಕಲಿಕೆಯ ಜಾಗಗಳಾದವು. ಸರಕಾರದ ಹಾಸಿಗೆ, ಖಾಸಗಿ ಕಾಲೇಜಿನ ಡಾಕ್ಟರು ಎಂಬ ಈ ಹೊಂದಾಣಿಕೆಯ ಮೇಲೆ ತಕರಾರುಗಳು ಇಂದಿಗೂ ಇವೆ. ಆದರೂ ಕಾಸರಗೋಡಿನಿಂದ, ಘಟ್ಟದ ಮೇಲಿನಿಂದ ರಾತ್ರಿ ಆಂಬುಲೆನ್ಸಿನಲ್ಲಿ ಬರುವ ಬಡ ಗರ್ಭಿಣಿಗೆ ಲೇಡಿಗೋಷನ್ ಬಾಗಿಲು ತೆರೆದೇ ಇರುತ್ತದೆ. ಈ ಊರಿನ ಮಟ್ಟಿಗೆ ಅದು ಸಣ್ಣ ಮಾತಲ್ಲ.

ದಾನ ಎಂಬ ಹೆಸರಿನಲ್ಲಿ ಲೆಕ್ಕಕ್ಕೇ ಬಾರದ ಇನ್ನೊಂದು ಮೂಲ ಇದೆ. ಬೀಡಿ. ದಕ್ಷಿಣ ಕನ್ನಡದ ಎಷ್ಟೋ ಮನೆಗಳಲ್ಲಿ ಮಕ್ಕಳ ಯೂನಿಫಾರ್ಮು, ಬಸ್ ಪಾಸು, ಹುಡುಗಿಯ ಟೀಚರ್ ಟ್ರೈನಿಂಗ್, ನರ್ಸಿಂಗ್ ಫೀಸು ಬಂದದ್ದು ತಾಯಿಯ ಮಡಿಲಿನ ತಡ್ಪೆಯಿಂದ, ಅಂದರೆ ಬೀಡಿ ಕಟ್ಟುವ ಮೊರದಿಂದ. ಬೆಳಗಿನ ಕೆಲಸ ಮುಗಿಸಿ ಜಗಲಿಯಲ್ಲಿ ಕೂರುತ್ತಾರೆ. ನೆನೆಸಿ ಮೆದುಮಾಡಿದ ಎಲೆಯ ಮೇಲೆ ತಗಡಿನ ಅಳತೆ ಇಟ್ಟು ಕತ್ತರಿಯಿಂದ ಕತ್ತರಿಸುತ್ತಾರೆ. ಒಂದು ಚಿಟಿಕೆ ಹೊಗೆಸೊಪ್ಪಿನ ಪುಡಿ ಹರಡಿ, ಸುರುಳಿ ಸುತ್ತಿ, ತುದಿ ಮಡಚಿ, ನೂಲು ಕಟ್ಟುತ್ತಾರೆ. ಕಣ್ಣು ಟಿವಿ ಕಡೆ ಇದ್ದರೂ ಬೆರಳು ತಪ್ಪುವುದಿಲ್ಲ. ಬೀಡಿ ಕಂಪೆನಿಯ ಬ್ರಾಂಚಿಗೆ ಒಯ್ದರೆ ಅಲ್ಲಿ ನೋಡಿ, ಸರಿ ಇಲ್ಲದ್ದನ್ನು ತೆಗೆದುಹಾಕಿ, ಉಳಿದದ್ದನ್ನು ಪುಸ್ತಕಕ್ಕೆ ಬರೆದುಕೊಳ್ಳುತ್ತಾರೆ. ಸಂಜೆ ಶಾಲೆ ಬಿಟ್ಟು ಬಂದ ಮಕ್ಕಳು ನೂಲು ಕಟ್ಟಲು ಕೂತದ್ದೂ ಇದೆ. ಹೊಗೆಸೊಪ್ಪಿನ ಧೂಳು, ಬಗ್ಗಿದ ಬೆನ್ನು, ಕೆಮ್ಮು ಆ ತಾಯಂದಿರ ಮೈಯಲ್ಲಿ ಉಳಿದವು. ಈ ದುಡಿಮೆಯನ್ನು ನಾನು ಹೊಗಳಲಾರೆ, ಮರೆಯಲೂ ಆರೆ.

ಬೀಡಿ ಕಾರ್ಮಿಕರಿಗೆ 1966ರಲ್ಲಿ ಕೆಲಸದ ಷರತ್ತುಗಳ ಕಾಯಿದೆ ಬಂತು. 1976ರಲ್ಲಿ ಕಲ್ಯಾಣ ನಿಧಿಯ ಕಾಯಿದೆ ಆಯಿತು. ತಯಾರಾದ ಬೀಡಿಯ ಮೇಲೆ ಸೆಸ್ ಹಾಕಿ ಆ ಹಣದಿಂದ ಕಾರ್ಮಿಕರಿಗೆ ಚಿಕಿತ್ಸಾಲಯ, ಮನೆಗೆ ಸಹಾಯ, ಮಕ್ಕಳಿಗೆ ಸ್ಕಾಲರ್‌ಶಿಪ್ ಕೊಡುವ ಏರ್ಪಾಡು. ಯಾರ ದಾಕ್ಷಿಣ್ಯವೂ ಬೇಡದ, ಕಾಯಿದೆಯಿಂದಲೇ ಬರುವ ಹಣ ಅದು. ಗುರುತು ಚೀಟಿ ತೋರಿಸಿ ಸ್ಕಾಲರ್‌ಶಿಪ್ ಪಡೆದು ಓದಿದ ಮಕ್ಕಳು ಇವತ್ತು ಬ್ಯಾಂಕು, ಶಾಲೆ, ಆಸ್ಪತ್ರೆಗಳಲ್ಲಿದ್ದಾರೆ. 2017ರಲ್ಲಿ ಜಿಎಸ್‌ಟಿ ಬಂದಾಗ ಬೀಡಿ ಸೆಸ್ ರದ್ದಾಯಿತು. ಯೋಜನೆಗಳು ನಿಂತುಹೋಗಲಿಲ್ಲ, ಆದರೆ ಅವುಗಳ ಸ್ವಂತ ಹಣದ ಮೂಲ ಬತ್ತಿತು. ಈಗ ಬಜೆಟಿನಲ್ಲಿ ಕೊಟ್ಟಷ್ಟು. ಇಷ್ಟು ದೊಡ್ಡ ಬದಲಾವಣೆ ನಮ್ಮ ಊರಲ್ಲಿ ಆಗಬೇಕಾದಷ್ಟು ಚರ್ಚೆಯಾಗಲಿಲ್ಲ ಎಂಬ ನೋವು ನನಗಿದೆ.

ಉಡುಪಿಯ ನಡುಪೇಟೆಯ ಒಂದು ಜಾಗದ ಕತೆಯನ್ನು ಇಲ್ಲಿ ಹೇಳಲೇಬೇಕು. 1906ರಲ್ಲಿ ಉಡುಪಿಯಲ್ಲಿ ಕೆನರಾ ಬ್ಯಾಂಕಿಂಗ್ ಕಾರ್ಪೊರೇಷನ್ (ಮುಂದೆ ಕಾರ್ಪೊರೇಷನ್ ಬ್ಯಾಂಕ್) ಸ್ಥಾಪಿಸಿದ ಹಾಜಿ ಅಬ್ದುಲ್ಲಾ ಸಾಹೇಬರು ಆಸ್ಪತ್ರೆಗೆಂದು ಕೊಟ್ಟ ಭೂಮಿ ಅದು. ಅಲ್ಲಿ ಹೆಂಗಸರು ಮಕ್ಕಳ ಸರಕಾರಿ ಆಸ್ಪತ್ರೆ ಬಹುಕಾಲ ನಡೆಯಿತು. 2017ರಲ್ಲಿ ಉದ್ಯಮಿ ಬಿ.ಆರ್. ಶೆಟ್ಟಿಯವರು ತಂದೆತಾಯಿಯ ಹೆಸರನ್ನೂ ಸೇರಿಸಿ ಅಲ್ಲಿ 200 ಹಾಸಿಗೆಗಳ ಹೊಸ ಆಸ್ಪತ್ರೆ ಕಟ್ಟಿಸಿದರು. ಚಿಕಿತ್ಸೆ ಉಚಿತ, ನಡೆಸುವ ಹೊಣೆಯೂ ಅವರ ಸಂಸ್ಥೆಯದೇ. ಸರಕಾರಿ ಜಾಗವನ್ನು ಖಾಸಗಿಗೆ ಬಿಡುವುದು ಬೇಡ ಎಂದು ಆಗಲೇ ಹಲವರು ಬೀದಿಗಿಳಿದಿದ್ದರು. ಕಟ್ಟಡ ಚೆನ್ನಾಗಿತ್ತು, ಬಡವರು ತುಂಬಿ ಬಂದರು. 2020ರಲ್ಲಿ ವಿದೇಶದಲ್ಲಿ ಶೆಟ್ಟಿಯವರ ವ್ಯವಹಾರ ಕುಸಿಯಿತು. ಇಲ್ಲಿ ಸಿಬ್ಬಂದಿಗೆ ಸಂಬಳ ಬಾಕಿಯಾಗಿ ಮುಷ್ಕರಗಳು ನಡೆದವು, ಕೊನೆಗೆ ಸರಕಾರವೇ ಆಸ್ಪತ್ರೆಯನ್ನು ವಹಿಸಿಕೊಂಡಿತು. ದಾನಿಯ ಮನಸ್ಸನ್ನು ನಾನು ಅನುಮಾನಿಸುತ್ತಿಲ್ಲ. ಅಬುಧಾಬಿಯ ಒಂದು ಕಂಪೆನಿಯ ಷೇರು ಬಿದ್ದರೆ ಉಡುಪಿಯ ಹೆರಿಗೆ ಕೋಣೆಯ ನರ್ಸಿಗೆ ಸಂಬಳ ತಪ್ಪುವ ಏರ್ಪಾಡು ಮಾಡಿಕೊಂಡದ್ದು ನಮ್ಮೆಲ್ಲರ ತಪ್ಪು. ನಿತ್ಯದ ಹೊಣೆ ಸರಕಾರದ ಕೈಯಲ್ಲೇ ಇರಬೇಕಿತ್ತು.

ಸರಕಾರ ಹೊತ್ತ ಹೊಣೆಯಾದರೂ ಸರಿಯಾಗಿದೆಯೇ? ಅಂಗನವಾಡಿಗಳನ್ನು ನಡೆಸುವ ಐಸಿಡಿಎಸ್ (ಸಮಗ್ರ ಶಿಶು ಅಭಿವೃದ್ಧಿ) ಯೋಜನೆ 1975ರ ಅಕ್ಟೋಬರ್ 2ರಂದು ದೇಶದಲ್ಲಿ ಆರಂಭವಾಯಿತು. ಆಶಾ ಕಾರ್ಯಕರ್ತೆಯರು 2005ರ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಮಿಷನ್‌ನ ಜೊತೆ ಬಂದರು. ತಾಯಿ ಕಾರ್ಡ್ ಮಾಡಿಸುವುದು, ಕಬ್ಬಿಣದ ಮಾತ್ರೆ ನುಂಗಿದರೋ ಇಲ್ಲವೋ ಕೇಳುವುದು, ಹೆರಿಗೆಗೆ ಜೊತೆ ಹೋಗುವುದು, ಮಗುವಿನ ತೂಕ ಬರೆಯುವುದು ಎಲ್ಲ ಇವರ ಕೆಲಸ. 2017ರ ಮಾತೃಪೂರ್ಣ ಯೋಜನೆಯಲ್ಲಿ ಗರ್ಭಿಣಿಯರು, ಬಾಣಂತಿಯರು ಅಂಗನವಾಡಿಗೇ ಬಂದು ಬಿಸಿ ಊಟ ಮಾಡಬೇಕು ಎಂದಾಗ ಬಯಲುಸೀಮೆಯ ಹಳ್ಳಿಯನ್ನು ಮನಸ್ಸಿನಲ್ಲಿಟ್ಟು ಮಾಡಿದ ನಿಯಮ ಇದು ಎಂದು ಇಲ್ಲಿಯವರಿಗೆ ಕೂಡಲೇ ಗೊತ್ತಾಯಿತು. ನಮ್ಮಲ್ಲಿ ಮನೆಗಳು ಗುಂಪಾಗಿಲ್ಲ. ಒಂದು ಮನೆ ಗುಡ್ಡದ ಮೇಲೆ, ಇನ್ನೊಂದು ತೋಟದ ಆಚೆ. ತುಂಬು ಗರ್ಭಿಣಿ ಜೂನ್ ತಿಂಗಳ ಮಳೆಯಲ್ಲಿ ತೋಡಿನ ಸಂಕ (ಕಾಲುಸೇತುವೆ) ದಾಟಿ ಊಟಕ್ಕೆ ನಡೆದು ಬರುವುದು ಹೇಗೆ? ಅದನ್ನು ಮೇಲಿನವರಿಗೆ ಮತ್ತೆ ಮತ್ತೆ ಹೇಳಿದವರು, ಬಾರದವರ ಮನೆಗೆ ಹೋಗಿ ವಿಚಾರಿಸಿದವರು ಅಂಗನವಾಡಿ ಟೀಚರುಗಳೇ.

ಇಷ್ಟು ಮಾಡುವವರಿಗೆ ಸಿಗುವುದು ಗೌರವಧನ. ಅಂಗನವಾಡಿ ನೌಕರರಿಗೆ ಗ್ರಾಚ್ಯುಟಿಯ ಹಕ್ಕಿದೆ ಎಂದು ಹೇಳಲು 2022ರಲ್ಲಿ ಸುಪ್ರೀಂ ಕೋರ್ಟೇ ಬೇಕಾಯಿತು. 2025ರ ಜನವರಿಯಲ್ಲಿ ರಾಜ್ಯದ ಆಶಾ ಕಾರ್ಯಕರ್ತೆಯರು ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಚಳಿಯಲ್ಲಿ ಮಲಗಿ ತಿಂಗಳಿಗೆ 15,000 ರೂಪಾಯಿ ಕೇಳಿದರು. ಕನಿಷ್ಠ 10,000 ಕೊಡುವ ಭರವಸೆಯೊಂದಿಗೆ ಮರಳಿದರು. ಅಂದು ಸಿಸ್ಟರುಗಳ ಸಂಬಳವಿಲ್ಲದ ದುಡಿಮೆ, ಇಂದು ಇವರ ಅರೆ ಸಂಬಳ. ಹೆಂಗಸರ ಸೇವೆಯ ಭಾರ ಹೆಂಗಸರ ಬೆನ್ನಿನಿಂದ ಕೆಳಗೆ ಇಳಿದೇ ಇಲ್ಲ.

ಹಾಗಾದರೆ ದಾನಿಗಳು ಏನು ಮಾಡಬೇಕು? ಲೇಡಿಗೋಷನ್‌ನಲ್ಲಿ ರೋಟರಿಯವರ ನೆರವಿನಿಂದ ಬಂದ ಎದೆಹಾಲಿನ ಬ್ಯಾಂಕ್ ನನಗೆ ಒಳ್ಳೆಯ ಮಾದರಿಯಾಗಿ ಕಾಣುತ್ತದೆ. ಅವಧಿಗೆ ಮೊದಲೇ ಹುಟ್ಟಿದ, ಒಂದೂವರೆ ಕಿಲೋ ಕೂಡ ತೂಗದ ಮಗುವಿಗೆ ತಾಯಿಯ ಹಾಲು ಸಾಲದಿದ್ದರೆ ಪುಡಿ ಹಾಲಿಗಿಂತ ಇನ್ನೊಬ್ಬ ತಾಯಿಯ ಹಾಲು ಕರುಳಿಗೆ ಸುರಕ್ಷಿತ. ಹಾಲು ಕೊಡುವ ತಾಯಿಯ ರಕ್ತ ಪರೀಕ್ಷೆ ಮಾಡುತ್ತಾರೆ. ಹಾಲನ್ನು 62.5 ಡಿಗ್ರಿಯಲ್ಲಿ 30 ನಿಮಿಷ ಕಾಯಿಸಿ, ತಣಿಸಿ, ಪರೀಕ್ಷಿಸಿ, ಫ್ರೀಜರಿನಲ್ಲಿಡುತ್ತಾರೆ. ಯಂತ್ರ ಕೊಡಿಸಿದ್ದು ದಾನಿಗಳು, ಜಾಗ ಮತ್ತು ಸಿಬ್ಬಂದಿ ಸರಕಾರಿ ಆಸ್ಪತ್ರೆಯದ್ದು, ಹಾಲು ಜನರಲ್ ವಾರ್ಡಿನ ಬಾಣಂತಿಯದ್ದು.

ಇನ್ನೊಂದು ದಾರಿ ತೋರಿಸಿದವರು ಹರೇಕಳ ಹಾಜಬ್ಬ. ಮಂಗಳೂರಿನ ಬಸ್ ಸ್ಟ್ಯಾಂಡಿನಲ್ಲಿ ಬುಟ್ಟಿ ಹೊತ್ತು ಕಿತ್ತಳೆ ಮಾರುತ್ತಿದ್ದವರು. ವಿದೇಶಿಯರು ಇಂಗ್ಲಿಷಿನಲ್ಲಿ ರೇಟು ಕೇಳಿದಾಗ ಉತ್ತರಿಸಲಾಗದೆ, ನನ್ನಂತೆ ನನ್ನೂರ ಮಕ್ಕಳು ಆಗಬಾರದು ಎಂದು ನ್ಯೂಪಡ್ಪುವಿನಲ್ಲಿ ಶಾಲೆಗೆ ಓಡಾಡಿದರು. 2000ದಲ್ಲಿ 28 ಮಕ್ಕಳಿಂದ ಶಾಲೆ ಆರಂಭವಾಯಿತು. ಉಳಿಸಿದ ದುಡ್ಡು, ದಾನಿಗಳ ದುಡ್ಡು ಹಾಕಿದರು. ಆದರೆ ಅವರು ಕಟ್ಟಿದ್ದು ಸರಕಾರಿ ಶಾಲೆ. ಬೇಕಿದ್ದರೆ ತಮ್ಮ ಹೆಸರಿನಲ್ಲಿ ಒಂದು ಟ್ರಸ್ಟ್ ಮಾಡಿ ಫೀಸು ತೆಗೆದುಕೊಳ್ಳಬಹುದಿತ್ತು. ಅದರ ಬದಲು ಕಚೇರಿಯಿಂದ ಕಚೇರಿಗೆ ಅರ್ಜಿ ಹಿಡಿದು ತಿರುಗಿದರು. ಪ್ರಾಥಮಿಕ ಶಾಲೆ ಆದ ಮೇಲೆ ಹೈಸ್ಕೂಲು ಕೇಳಿದರು. 2020ರಲ್ಲಿ ಪದ್ಮಶ್ರೀ ಘೋಷಣೆಯಾಗಿ ಮಂತ್ರಿಗಳು, ಅಧಿಕಾರಿಗಳು ಅಭಿನಂದಿಸಲು ಬಂದಾಗಲೂ ಅವರು ಕೇಳಿದ್ದು ಊರಿಗೊಂದು ಪಿಯು ಕಾಲೇಜು. ಸರಕಾರಿ ಕಾಲೇಜು ಮಂಜೂರಾದರೆ ಅದರ ಜೊತೆ ಉಪನ್ಯಾಸಕರ ಹುದ್ದೆಗಳೂ ಬರುತ್ತವೆ. ಅವರ ಸಂಬಳಕ್ಕೆ ಮುಂದೆ ಯಾರೂ ಕಿತ್ತಳೆ ಮಾರಬೇಕಾಗಿಲ್ಲ.